2023ರ ಹಿನ್ನೋಟ: ದೇಶದ ಸುದ್ದಿ ನಮ್ಮ ತೋಟಕ್ಕೆ ಬಂದು ಮುಟ್ಟಿದ್ದು ಹೇಗೆ?

ಇದು ಈ ವರ್ಷದ ಕೊನೆಯ ಬರಹ. ಡಿಸೆಂಬರ್ ಕೊನೆ ವಾರ ಬಂತೆಂದರೆ ಪತ್ರಿಕೆ, ಟಿವಿ ಎಲ್ಲದರಲ್ಲೂ ‘ಹಿನ್ನೋಟ’ ಶುರುವಾಗುತ್ತೆ. ಫೆಬ್ರವರಿ 27ಕ್ಕೆ ನಮ್ಮ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು, ಮೇ 10ಕ್ಕೆ ವಿಧಾನಸಭೆ ಚುನಾವಣೆ, ಆಗಸ್ಟ್ 23ಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು, ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಜಿ-20 ಶೃಂಗಸಭೆ. ಎಲ್ಲವೂ ದೊಡ್ಡ ಸುದ್ದಿಗಳೇ. ಆದರೆ ಭದ್ರಾವತಿ ತಾಲ್ಲೂಕಿನಲ್ಲಿ ಎರಡೆಕರೆ ಅಡಿಕೆ, ಒಂದೆಕರೆ ಗದ್ದೆ ಇಟ್ಟುಕೊಂಡವರು ಈ ವರ್ಷವನ್ನು ನೆನಪಿಡುವುದು ಬೇರೆಯೇ ಸುದ್ದಿಗಳಿಂದ.

ಈ ವಾರ ಆ ಸುದ್ದಿಗಳನ್ನು ತಿಂಗಳವಾರು ತೆಗೆದು, ಅವು ತೋಟಕ್ಕೆ ಹೇಗೆ ಬಂದವು ಅಂತ ನೋಡೋಣ. ಕಾರಣ ಇದೆ. ಭದ್ರಾ ಅಣೆಕಟ್ಟೆ ಈ ಸಲ ತುಂಬಿಲ್ಲ. ಮುಂದಿನ ಐದು ತಿಂಗಳು ನಮ್ಮ ಮರಗಳನ್ನು ಉಳಿಸಿಕೊಳ್ಳಬೇಕು. ಹೋದ ಹನ್ನೆರಡು ತಿಂಗಳಲ್ಲಿ ಯಾವ ಸುದ್ದಿ ಯಾವಾಗ ಬಂತು, ನಾವು ಆಗ ಏನು ಮಾಡಿದೆವು ಅಂತ ಲೆಕ್ಕ ಹಾಕಿದರೆ, ಬೇಸಿಗೆಗೆ ಏನು ಮಾಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ.

ಜನವರಿ–ಫೆಬ್ರವರಿ: ಕಾರ್ಖಾನೆ, ಬಜೆಟ್, ಅಡಿಕೆ

ವರ್ಷ ಶುರುವಾಗಿದ್ದೇ ಕೆಟ್ಟ ಸುದ್ದಿಯಿಂದ. 1923ರಲ್ಲಿ ಉತ್ಪಾದನೆ ಶುರು ಮಾಡಿದ್ದ ನಮ್ಮ ವಿಐಎಸ್‌ಎಲ್ ಕಾರ್ಖಾನೆಯನ್ನು, ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಮುಚ್ಚುವ ತೀರ್ಮಾನ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಸ್ವಲ್ಪ ಚಾಲೂ ಆಯ್ತು, ಅಷ್ಟೇ. ಎಂಪಿಎಂ ಅಂತೂ ಮೊದಲೇ ನಿಂತಿತ್ತು. ಇದು ಕೃಷಿ ಸುದ್ದಿ ಅಲ್ಲ ಅಂತ ಅನ್ನಿಸಬಹುದು. ಆದರೆ ಸಂತೆಗೆ ಸೊಪ್ಪು, ತರಕಾರಿ ಒಯ್ಯುವವರನ್ನು ಕೇಳಿ. ತಿಂಗಳ ಸಂಬಳ ಬರುವ ಮನೆಗಳೇ ನಮ್ಮ ದಿನದ ಗಿರಾಕಿಗಳು. ಆ ಮನೆಗಳ ಕೈ ಬಿಗಿಯಾದರೆ ಮೊದಲು ಕಡಿಮೆ ಆಗೋದು ತರಕಾರಿ ಚೀಲ.

ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ಎರಡು ಮಾತು ನಮಗೆ ಸಂಬಂಧಿಸಿದ್ದವು. ಒಂದು, ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂ. ನೆರವು. ಇದು ಚಿತ್ರದುರ್ಗ, ತುಮಕೂರಿನ ಕಡೆಯ ಬರದ ನಾಡಿಗೆ ನೀರು ಒಯ್ಯುವ ಯೋಜನೆ. ಅಲ್ಲಿನವರಿಗೂ ನೀರು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಅಣೆಕಟ್ಟೆಯ ಕೆಳಗಿರುವ ನಾವು, ನಾಲೆ ನೀರು ಯಾವತ್ತೂ ಇಷ್ಟೇ ಇರುತ್ತೆ ಅಂತ ನಂಬಿಕೊಂಡು ಕೂರುವ ಕಾಲ ಮುಗೀತಾ ಬಂತು ಅನ್ನೋದು ಅದರ ಅರ್ಥ. ಇನ್ನೊಂದು, ಸಿರಿಧಾನ್ಯಕ್ಕೆ ‘ಶ್ರೀ ಅನ್ನ’ ಅಂತ ಹೆಸರು. 2023 ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಕೂಡ ಆಗಿತ್ತು.

ಅದೇ ತಿಂಗಳ ಮಧ್ಯದಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂ.ನಿಂದ 351 ರೂ.ಗೆ ಏರಿಸಿತು. ಅಂದರೆ ಕ್ವಿಂಟಾಲ್‌ಗೆ 35,100 ರೂ.ಗಿಂತ ಕಡಿಮೆ ಬೆಲೆ ತೋರಿಸಿ ಹೊರದೇಶದ ಅಡಿಕೆ ತರುವಂತಿಲ್ಲ. ಬೆಳೆಗಾರರಿಗೆ ಇದು ಧೈರ್ಯ ಕೊಟ್ಟಿತು. ಧೈರ್ಯ ಸ್ವಲ್ಪ ಹೆಚ್ಚೇ ಆಯ್ತು ಅಂತ ಈಗ ಅನ್ನಿಸುತ್ತೆ. ಗದ್ದೆ ಒಡೆದು ಅಡಿಕೆ ಸಸಿ ಇಡುವವರು ಇನ್ನಷ್ಟು ಹೆಚ್ಚಿದರು. ಅವರಲ್ಲಿ ನಾನೂ ಒಬ್ಬ.

ಏಪ್ರಿಲ್–ಜೂನ್: ಮುನ್ಸೂಚನೆ ಬಂದಿತ್ತು, ನಾವು ಓದಲಿಲ್ಲ

ಏಪ್ರಿಲ್ ಎರಡನೇ ವಾರ ಎರಡು ಮುನ್ಸೂಚನೆ ಬಂದವು. ಸ್ಕೈಮೆಟ್ ಎಂಬ ಖಾಸಗಿ ಸಂಸ್ಥೆ, ಮುಂಗಾರು ಸರಾಸರಿಯ ಶೇ 94 ಮಾತ್ರ ಅಂದಿತು. ಮರುದಿನ ಭಾರತೀಯ ಹವಾಮಾನ ಇಲಾಖೆ ಶೇ 96, ಅಂದರೆ ವಾಡಿಕೆ ಮಳೆ ಅಂದಿತು. ನಾವು ನಮಗೆ ಬೇಕಾದ್ದನ್ನು ನಂಬಿದೆವು.

ಜೂನ್ 8 ಮುಖ್ಯವಾದ ದಿನ. ಅವತ್ತು ಮುಂಗಾರು ಕೇರಳಕ್ಕೆ ಕಾಲಿಟ್ಟಿತು, ವಾಡಿಕೆಗಿಂತ ಒಂದು ವಾರ ತಡ. ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಮಳೆ ಮೋಡದ ದಾರಿ ಕೆಡಿಸಿತ್ತು. ಅದೇ ದಿನ ಅಮೆರಿಕದ ಹವಾಮಾನ ಸಂಸ್ಥೆ ‘ಎಲ್ ನಿನೊ ಶುರುವಾಗಿದೆ’ ಅಂತ ಘೋಷಿಸಿತು.

ಎಲ್ ನಿನೊ ಅಂದರೆ ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗೋದು. ನೀರು ಎಲ್ಲಿ ಬಿಸಿಯಾಗುತ್ತೋ ಅಲ್ಲಿ ಗಾಳಿ ಮೇಲೇಳುತ್ತೆ, ಮೋಡ ಕಟ್ಟುತ್ತೆ. ಅಲ್ಲಿ ಎದ್ದ ಗಾಳಿ ಬೇರೆ ಕಡೆ ಕೆಳಗಿಳಿಯಬೇಕಲ್ಲ, ಇಳಿಯುವ ಕಡೆ ಮೋಡ ಕಟ್ಟೋದಿಲ್ಲ. ಎಲ್ ನಿನೊ ವರ್ಷದಲ್ಲಿ ನಮ್ಮ ಮುಂಗಾರು ಬಡವಾಗುವ ಸಾಧ್ಯತೆ ಹೆಚ್ಚು ಅನ್ನೋದಕ್ಕೆ ಇದೇ ಕಾರಣ. ಪ್ರತಿ ಎಲ್ ನಿನೊ ವರ್ಷವೂ ಬರ ಬರಲೇಬೇಕು ಅಂತಿಲ್ಲ. ಆದರೆ ಹೊಸ ಸಸಿ ಇಡೋದಕ್ಕೆ, ಸಾಲ ಮಾಡಿ ತೋಟ ಹೆಚ್ಚಿಸೋದಕ್ಕೆ ಅದು ಒಳ್ಳೆ ವರ್ಷ ಅಲ್ಲ ಅಂತ ಹೇಳೋಕೆ ಅಷ್ಟು ಸಾಕು.

ನಾನು ತೋಟಗಾರಿಕೆ ಓದಿದವನು. ಸುದ್ದಿ ಓದಿದೆ, ಅರ್ಥವೂ ಆಯ್ತು. ಆದರೂ ಜುಲೈನಲ್ಲಿ ಮಳೆ ಚೆನ್ನಾಗಿ ಹಿಡಿದ ಕೂಡಲೇ ಮುನ್ನೂರು ಅಡಿಕೆ ಸಸಿ ಇಟ್ಟೆ. ಪಕ್ಕದ ತೋಟದ ಅಜ್ಜ ಬೇಲಿ ಹತ್ತಿರ ನಿಂತು, ‘ತಮ್ಮಾ, ಮೃಗಶಿರ ಹೋಯ್ತು, ಆರಿದ್ರ ಹೋಯ್ತು, ನೆಲದೊಳಗೆ ಇನ್ನೂ ತಂಪು ಇಳಿದಿಲ್ಲ. ಈ ವರ್ಷ ಬಾಳೆ ಹಚ್ಚಿ ನೆರಳು ಮಾಡ್ಕೋ, ಸಸಿ ಮುಂದಿನ ವರ್ಷ ಇಡು’ ಅಂದರು. ‘ಇಲ್ಲ ಅಜ್ಜಾ, ನಾಲೆ ನೀರು ಇದೆಯಲ್ಲ’ ಅಂದೆ. ಅಕ್ಟೋಬರ್ ಹೊತ್ತಿಗೆ ಮುನ್ನೂರರಲ್ಲಿ ಎಂಬತ್ತೇಳು ಒಣಗಿದ್ದವು. ಅಜ್ಜ ಮತ್ತೆ ಆ ಮಾತು ಎತ್ತಲಿಲ್ಲ. ಅವರ ತೋಟದಲ್ಲಿ ಮಳೆಗಾಲದಲ್ಲಿ ಹಚ್ಚಿದ ಬಾಳೆ ಈಗ ಆಳೆತ್ತರ ಬೆಳೆದು ನೆರಳು ಕೊಡ್ತಿದೆ.

ಜುಲೈ: ಟೊಮೆಟೊ ಮತ್ತು ಅಕ್ಕಿ ಕಲಿಸಿದ ಪಾಠ

ಜುಲೈನಲ್ಲಿ ದೇಶದ ತುಂಬ ಟೊಮೆಟೊ ಮಾತು. ಕೆಜಿಗೆ ನೂರು ದಾಟಿ, ಕೆಲವು ಊರಲ್ಲಿ ನೂರೈವತ್ತು, ಇನ್ನೂರು ಮುಟ್ಟಿತು. ಕಾರಣ ಒಂದೇ ಅಲ್ಲ. ಬೇಸಿಗೆಯಲ್ಲಿ ಬೆಲೆ ನೆಲ ಕಚ್ಚಿದ್ದರಿಂದ ಹಲವರು ತೋಟ ನೋಡಿಕೊಳ್ಳೋದನ್ನೇ ಬಿಟ್ಟಿದ್ದರು. ಕೋಲಾರದ ಕಡೆ ಎಲೆ ಮುದುಡು ರೋಗ ಬಿತ್ತು. ಉತ್ತರ ಭಾರತದಲ್ಲಿ ಜೋರು ಮಳೆಯಿಂದ ಬೆಳೆ ಕೊಳೆಯಿತು. ಆಗಸ್ಟ್ 10ರಂದು ಹಣಕಾಸು ಸಚಿವರು ಲೋಕಸಭೆಯಲ್ಲಿ, ನೇಪಾಳದಿಂದ ಟೊಮೆಟೊ ತರಿಸುತ್ತಿದ್ದೇವೆ ಅಂದರು.

ಆಮೇಲೇನಾಯ್ತು? ಜುಲೈ ಬೆಲೆ ನೋಡಿ ಸಸಿ ನೆಟ್ಟವರಿಗೆ ಕಾಯಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಟೊಮೆಟೊ ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ ಎರಡರಿಂದ ಎರಡೂವರೆ ತಿಂಗಳು ಬೇಕು. ಅಷ್ಟರಲ್ಲಿ ಎಲ್ಲರ ಬೆಳೆಯೂ ಒಟ್ಟಿಗೆ ಬಂತು, ಬೆಲೆ ಮತ್ತೆ ಬಿತ್ತು. ಇವತ್ತಿನ ಬೆಲೆಗೆ ಇವತ್ತು ನೆಟ್ಟ ಗಿಡ ಕಾಯಿ ಕೊಡಲ್ಲ. ತರಕಾರಿಯಲ್ಲಿ ಲಾಭ ಇದ್ದದ್ದು ಬೇಸಿಗೆಯಲ್ಲಿ ಬೆಲೆ ಬಿದ್ದಾಗಲೂ ಹತ್ತು ಸಾಲು ಉಳಿಸಿಕೊಂಡವರಿಗೆ.

ಅಕ್ಕಿ ಕಥೆ ಬೇರೆ. ಜೂನ್‌ನಲ್ಲಿ ಭಾರತ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರೋದನ್ನು ನಿಲ್ಲಿಸಿತು. ಹಾಗಾಗಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಬದಲು, ಕೆಜಿಗೆ 34 ರೂ.ನಂತೆ ತಲಾ 170 ರೂ. ಕೊಡಬೇಕಾಯ್ತು. ಜುಲೈ 20ಕ್ಕೆ ಬಾಸ್ಮತಿ ಅಲ್ಲದ ಬೆಳ್ತಿಗೆ ಅಕ್ಕಿ ರಫ್ತು ನಿಷೇಧ, ಆಗಸ್ಟ್ 25ಕ್ಕೆ ಕುಚ್ಚಲಕ್ಕಿ ಮೇಲೆ ಶೇ 20 ರಫ್ತು ಸುಂಕ. ಈರುಳ್ಳಿಗೂ ಹೀಗೇ: ಆಗಸ್ಟ್ 19ಕ್ಕೆ ಶೇ 40 ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. ಬೆಳೆ ಕಡಿಮೆಯಾಗಿ ಬೆಲೆ ಏರುವ ಹೊತ್ತಿಗೆ ಬಾಗಿಲು ಹಾಕಿದರೆ, ಇಳುವರಿ ಕಳೆದುಕೊಂಡ ರೈತನಿಗೆ ಬೆಲೆಯೂ ಪೂರ್ತಿ ಸಿಗೋದಿಲ್ಲ. ತಿನ್ನುವವರ ಕಷ್ಟ ನೋಡಿಕೊಳ್ಳೋದು ಸರ್ಕಾರದ ಕೆಲಸ, ಸರಿ. ಆದರೆ ‘ಬರ ಬಂದರೆ ಬೆಲೆಯಾದರೂ ಸಿಗುತ್ತೆ’ ಅನ್ನೋ ಲೆಕ್ಕದ ಮೇಲೆ ಭತ್ತ ಹಚ್ಚಬೇಡಿ ಅಂತ ಈ ವರ್ಷ ಹೇಳಿಕೊಟ್ಟಿತು.

ಆಗಸ್ಟ್–ಅಕ್ಟೋಬರ್: ಸರಾಸರಿಯ ಮೋಸ

ಆಗಸ್ಟ್ ನಮ್ಮ ಬೆನ್ನು ಮುರಿದ ತಿಂಗಳು. ದೇಶದಲ್ಲಿ ಆ ತಿಂಗಳ ಮಳೆ ವಾಡಿಕೆಗಿಂತ ಶೇ 36 ಕಡಿಮೆ. 1901ರಿಂದ ಇಟ್ಟ ದಾಖಲೆಯಲ್ಲೇ ಇಷ್ಟು ಒಣಗಿದ ಆಗಸ್ಟ್ ಇಲ್ಲ.

ಈಗ ಒಂದು ವಿಷಯ ಗಮನಿಸಿ. ಸೆಪ್ಟೆಂಬರ್ ಮುಗಿದಾಗ ನಾಲ್ಕೂ ತಿಂಗಳು ಸೇರಿಸಿ ದೇಶಕ್ಕೆ ಬಿದ್ದ ಮಳೆ ಸರಾಸರಿಯ ಶೇ 94. ಅಂದರೆ ಸುಮಾರು 87 ಸೆಂ.ಮೀ. ಬೀಳಬೇಕಾದಲ್ಲಿ 82 ಸೆಂ.ಮೀ. ಕಾಗದದ ಮೇಲೆ ಐದು ಸೆಂಟಿಮೀಟರ್ ಕೊರತೆ, ಅಷ್ಟೇನಾ ಅನ್ನಿಸುತ್ತೆ. ಆದರೆ ಜುಲೈನಲ್ಲಿ ಶೇ 13 ಹೆಚ್ಚು ಬಿದ್ದದ್ದು ಹೊಳೆಗೆ ಹರಿದುಹೋಯ್ತು. ಆಗಸ್ಟ್‌ನಲ್ಲಿ ಬೇರಿಗೆ ಬೇಕಾದಾಗ ಇರಲಿಲ್ಲ. ಗಿಡಕ್ಕೆ ಸರಾಸರಿ ಗೊತ್ತಿಲ್ಲ. ಮೂರು ವಾರ ನೀರಿಲ್ಲದ ಸಸಿಗೆ ನಾಲ್ಕನೇ ವಾರ ಎರಡುಪಟ್ಟು ಮಳೆ ಬಂದರೂ ಪ್ರಯೋಜನ ಇಲ್ಲ. ಮುನ್ಸೂಚನೆ ಓದುವಾಗ ‘ಒಟ್ಟು ಎಷ್ಟು’ ಅನ್ನೋದಕ್ಕಿಂತ ‘ನಡುವೆ ಎಷ್ಟು ದಿನ ಬಿಡುವು ಬಂದರೆ ನನ್ನ ಮಣ್ಣು ತಡೆಯುತ್ತೆ’ ಅಂತ ಕೇಳಿಕೊಳ್ಳಬೇಕು.

ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಸೇರಿಸುತ್ತಾ ಹೋಗಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಪಟ್ಟಿಗೆ ಬಂದವು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ನಡೆದವು.

ಕಾವೇರಿಯಷ್ಟು ದೊಡ್ಡ ಸುದ್ದಿ ಆಗದಿದ್ದರೂ ಅದೇ ಜಗಳ ಭದ್ರೆಯಲ್ಲೂ ಆಯ್ತು. ಲಕ್ಕವಳ್ಳಿ ಅಣೆಕಟ್ಟೆಯ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ತುಂಬದ ಅಣೆಕಟ್ಟೆಯಿಂದ ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟರು. ಮಳೆ ಬಾರದೆ ಸೆಪ್ಟೆಂಬರ್‌ನಲ್ಲಿ ಕೆಲವು ದಿನ ನಿಲ್ಲಿಸಿ, ಕೆಲವು ದಿನ ಬಿಡುವ ಮಾತು ಬಂತು. ದಾವಣಗೆರೆ ಕಡೆ ಭತ್ತ ನಾಟಿ ಮಾಡಿದವರು ‘ನಿಲ್ಲಿಸಬೇಡಿ, ಬೆಳೆ ಒಣಗುತ್ತೆ’ ಅಂತ ರಸ್ತೆಗಿಳಿದರು. ನಮ್ಮ ಕಡೆ ಅಡಿಕೆ ತೋಟದವರು ‘ಬೇಸಿಗೆಗೆ ಉಳಿಸಿ’ ಅಂದರು. ಇಬ್ಬರದ್ದೂ ತಪ್ಪಲ್ಲ. ಭತ್ತಕ್ಕೆ ಹೋದರೆ ಒಂದು ಬೆಳೆ ಹೋಯ್ತು, ಅಡಿಕೆಗೆ ಹೋದರೆ ಹತ್ತು ವರ್ಷದ ಮರ ಹೋಯ್ತು. ಆದರೆ ಅಡಿಕೆ ವಿಸ್ತೀರ್ಣ ಹೆಚ್ಚಿಸಿಕೊಂಡು ಆ ಜಗಳಕ್ಕೆ ಸೌದೆ ಹಾಕಿದವರಲ್ಲಿ ನಾವೂ ಇದ್ದೇವೆ ಅನ್ನೋದನ್ನು ಒಪ್ಪಬೇಕು.

ಅಕ್ಟೋಬರ್‌ನಲ್ಲಿ ಹಿಂಗಾರು ಕೈಕೊಟ್ಟಿತು. ಎಲ್ಲರೂ ಬೋರ್ ಮೋಟಾರ್ ಹಾಕಿದರು, ವಿದ್ಯುತ್ ಸಾಲಲಿಲ್ಲ. ಪಂಪ್‌ಸೆಟ್‌ಗೆ ಏಳು ಗಂಟೆ ಬದಲು ಐದು ಗಂಟೆ ಮೂರು ಫೇಸ್ ಕರೆಂಟ್ ಅಂತಾಯ್ತು, ನವೆಂಬರ್‌ನಲ್ಲಿ ಮತ್ತೆ ಏಳಕ್ಕೆ ಬಂತು. ಈ ಎರಡು ಗಂಟೆಯ ಬೆಲೆ ಏನು ಅಂತ ಕೆಳಗೆ ಲೆಕ್ಕ ಇದೆ.

ಸೆಪ್ಟೆಂಬರ್ 28ರಂದು ಎಂ.ಎಸ್. ಸ್ವಾಮಿನಾಥನ್ ತೀರಿಕೊಂಡರು. ಹಸಿರು ಕ್ರಾಂತಿಯ ಹೆಸರಿನ ಜೊತೆ ಬರುವ ಹೆಸರು ಅವರದು. ಸಾವಯವ ಮಾಡುವ ನಮ್ಮಂಥವರಿಗೆ ಆ ಕ್ರಾಂತಿಯ ಬಗ್ಗೆ ತಕರಾರು ಇದೆ. ಆದರೆ 1968ರಲ್ಲೇ, ವಾರಾಣಸಿಯ ವಿಜ್ಞಾನ ಸಮ್ಮೇಳನದಲ್ಲಿ, ಮಣ್ಣಿನ ಫಲವತ್ತತೆ ನೋಡಿಕೊಳ್ಳದೆ, ಅಂತರ್ಜಲ ಬೇಕಾಬಿಟ್ಟಿ ಎತ್ತಿದರೆ ಮುಂದೆ ಅನಾಹುತ ಆಗುತ್ತೆ ಅಂತ ಎಚ್ಚರಿಸಿದ್ದೂ ಅವರೇ. ಬರ ಘೋಷಣೆಯಾದ ಎರಡೇ ವಾರದಲ್ಲಿ ಆ ಸುದ್ದಿ ಬಂದದ್ದರಿಂದ ಈ ಮಾತು ಇನ್ನಷ್ಟು ನೆನಪಾಯ್ತು.

ಈಗ ಬೇಸಿಗೆಗೆ ಏನು ಮಾಡೋಣ?

ಒಂದು: ನಿಮ್ಮ ಬೋರ್‌ವೆಲ್ ನೀರು ಅಳೆಯಿರಿ. 200 ಲೀಟರ್ ಡ್ರಮ್ ಇಡಿ, ಮೋಟಾರ್ ಹಾಕಿ, ಎಷ್ಟು ನಿಮಿಷದಲ್ಲಿ ತುಂಬುತ್ತೆ ನೋಡಿ. ನಾಲ್ಕು ನಿಮಿಷ ಆದರೆ ಗಂಟೆಗೆ 3,000 ಲೀಟರ್. ಮೋಟಾರ್ ಹಾಕಿದ ಕೂಡಲೇ ಒಂದು ಸಲ, ಎರಡು ಗಂಟೆ ಓಡಿದ ಮೇಲೆ ಇನ್ನೊಂದು ಸಲ ಅಳೆಯಿರಿ. ಎರಡನೇ ಲೆಕ್ಕವೇ ನಿಜವಾದ ಲೆಕ್ಕ.

ಎರಡು: ಮರದ ಅಗತ್ಯದ ಜೊತೆ ಹೋಲಿಸಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಫಸಲು ಕೊಡುವ ಮರಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ನಡುವಿನ 18 ಹಿಡಿದರೆ ಎಕರೆಗೆ ದಿನಕ್ಕೆ ಸುಮಾರು 10 ಸಾವಿರ ಲೀಟರ್. ಗಂಟೆಗೆ 3,000 ಲೀಟರ್ ಕೊಡುವ ಬೋರ್‌ವೆಲ್‌ಗೆ ಒಂದೆಕರೆಗೆ ಮೂರೂಕಾಲು ಗಂಟೆ, ಎರಡೆಕರೆಗೆ ಆರೂವರೆ ಗಂಟೆ. ಏಳು ಗಂಟೆ ಕರೆಂಟ್ ಇದ್ದರೆ ಹೇಗೋ ಸಾಲುತ್ತೆ, ಐದು ಗಂಟೆ ಆದರೆ ಅರ್ಧ ಎಕರೆ ಒಣಗುತ್ತೆ. ಇಷ್ಟು ಈಗಲೇ ಗೊತ್ತಿದ್ದರೆ ಮಾರ್ಚ್‌ನಲ್ಲಿ ಗಾಬರಿ ಬೀಳೋದು ತಪ್ಪುತ್ತೆ.

ಮೂರು: ಬೇಸಿಗೆ ಭತ್ತದ ಆಸೆ ಬಿಡಿ. ಭತ್ತದ ಬೆಳೆಗೆ ಸುಮಾರು 1,200 ಮಿ.ಮೀ. ನೀರು ಅಂತ ಹಿಡಿದರೆ ಎಕರೆಗೆ 48 ಲಕ್ಷ ಲೀಟರ್ ಆಯ್ತು. ಒಂದೆಕರೆ ಅಡಿಕೆಗೆ ಐದು ತಿಂಗಳು ಹನಿ ನೀರಾವರಿಯಲ್ಲಿ ಬೇಕಾಗೋದು 15 ಲಕ್ಷ ಲೀಟರ್. ಒಂದೆಕರೆ ಭತ್ತದ ನೀರಲ್ಲಿ ಮೂರೆಕರೆ ತೋಟ ಬದುಕುತ್ತೆ. ಬೇಸಿಗೆಗೆ ನಾಲೆ ನೀರು ಎಷ್ಟು, ಯಾವಾಗ ಅನ್ನೋದನ್ನು ಕಾಡಾದ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತೆ. ಆ ತೀರ್ಮಾನ ಬರುವ ಮುಂಚೆ ಸಸಿಮಡಿ ಹಾಕಬೇಡಿ. ಹೊಳೆಹೊನ್ನೂರು, ಆನವೇರಿ ಕಡೆ ನಾಲೆ ಕೊನೆ ಭಾಗದಲ್ಲಿ ಇರುವವರಂತೂ ಖಂಡಿತ ಬೇಡ. ಗದ್ದೆಯಲ್ಲಿ ಪಸೆ ಇದ್ದರೆ ಉದ್ದು, ಹೆಸರು ಅಥವಾ ಅಲಸಂದೆ ಚೆಲ್ಲಿ. ಕಾಳು ಬಂದರೆ ಲಾಭ, ಬಾರದಿದ್ದರೂ ಗೊಬ್ಬರ.

ನಾಲ್ಕು: ಮುಚ್ಚಿಗೆ. ಅಡಿಕೆ ಸಿಪ್ಪೆ, ಸೋಗೆ, ಬಾಳೆ ಎಲೆ, ಭತ್ತದ ಹುಲ್ಲು, ಏನಿದ್ದರೂ ಬುಡದ ಸುತ್ತ ಮೂರು ಅಡಿ ಅಗಲ, ಗೇಣು ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಸಿಪ್ಪೆ ಸುಡೋದನ್ನು ಈ ವರ್ಷವಾದರೂ ನಿಲ್ಲಿಸೋಣ. ಮಣ್ಣಲ್ಲಿ ತೇವ ಇರುವಾಗಲೇ, ಅಂದರೆ ಈಗಲೇ ಹಾಕಿದರೆ ಗುಣ. ಒಣ ಮಣ್ಣಿನ ಮೇಲೆ ಏಪ್ರಿಲ್‌ನಲ್ಲಿ ಹಾಕಿದರೆ ಸುಮ್ಮನೆ ಶ್ರಮ.

ಐದು: ಯಾರಿಗೆ ಮೊದಲು ನೀರು ಅಂತ ಬರೆದಿಡಿ. ಒಂದು-ಎರಡು ವರ್ಷದ ಸಸಿ ಮೊದಲು, ಅವಕ್ಕೆ ಬೇಕಾಗೋದು ಕಡಿಮೆ ನೀರು, ಆದರೆ ತಪ್ಪಿದರೆ ಮತ್ತೆ ಏಳೋದಿಲ್ಲ. ಆಮೇಲೆ ಫಸಲಿನ ಮರ. ಕೊನೆಗೆ ಬಾಳೆ. ಬಾಳೆಯ ಹೆಚ್ಚುವರಿ ಕಂದು ಕಡಿದು ಅಲ್ಲೇ ಮುಚ್ಚಿಗೆ ಮಾಡಿ, ನೆರಳಿಗೆ ಬೇಕಾದಷ್ಟೇ ಉಳಿಸಿ. ಪಶ್ಚಿಮದ ಬಿಸಿಲು ಬೀಳುವ ಎಳೆ ಮರಗಳ ಕಾಂಡಕ್ಕೆ ಸುಣ್ಣ ಬಳಿಯಿರಿ ಅಥವಾ ಹಾಳೆ ಕಟ್ಟಿ.

ಆರು: ಫ್ರೂಟ್ಸ್ ಗುರುತಿನ ಸಂಖ್ಯೆ. ಬರ ಪರಿಹಾರದ ಮೊದಲ ಕಂತು ಅಂತ ಅರ್ಹ ರೈತರಿಗೆ 2,000 ರೂ.ವರೆಗೆ ಕೊಡುವುದಾಗಿ ನವೆಂಬರ್ ಕೊನೆಗೆ ಮುಖ್ಯಮಂತ್ರಿ ಹೇಳಿದ್ದಾರೆ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಫ್ರೂಟ್ಸ್‌ನಲ್ಲಿ ಸೇರಿವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಸಿ. ಪಾಲಾದ ಜಮೀನು ಇನ್ನೂ ಅಪ್ಪ, ಅಜ್ಜನ ಹೆಸರಲ್ಲೇ ಇದ್ದರೆ ಪರಿಹಾರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಒಂದು ನೋಟ್‌ಬುಕ್, ಎರಡು ಕಾಲಂ

ಕೊನೆಯದಾಗಿ ಒಂದು ಸಣ್ಣ ಅಭ್ಯಾಸ. ನಾನು ಈ ಜನವರಿಯಿಂದ ಶುರು ಮಾಡ್ತಿದ್ದೇನೆ, ನೀವೂ ಮಾಡಿ. ಒಂದು ಉದ್ದ ನೋಟ್‌ಬುಕ್ ತಗೊಂಡು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಆ ವಾರದ ಸುದ್ದಿ: ಮಳೆ ಮುನ್ಸೂಚನೆ, ಅಣೆಕಟ್ಟೆ ಮಟ್ಟ, ರಫ್ತು ಆದೇಶ, ಧಾರಣೆ. ಬಲಗಡೆ ತೋಟದಲ್ಲಿ ಆ ವಾರ ಮಾಡಿದ ಕೆಲಸ. ಈ ವರ್ಷದ್ದನ್ನು ನೆನಪಿನಿಂದ ಬರೆದು ನೋಡಿದೆ. ಎಡಗಡೆ ‘ಜೂನ್ 8: ಎಲ್ ನಿನೊ ಘೋಷಣೆ’. ಅದರ ಎದುರು ಬಲಗಡೆ ‘300 ಗುಂಡಿ ತೆಗೆಸಿದೆ’. ಅಷ್ಟು ಓದಿದರೆ ಸಾಕು, ಬೇರೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಉಳಿದ ಇನ್ನೂರ ಹದಿಮೂರು ಸಸಿಗೆ ಮೊನ್ನೆ ಮುಚ್ಚಿಗೆ ಹಾಕಿ ಮುಗಿಸಿದೆ, ಸಿಪ್ಪೆ ಸಾಲದೆ ಅಜ್ಜನ ತೋಟದಿಂದ ಎರಡು ಗಾಡಿ ಬಾಳೆ ಎಲೆ ತಂದೆ. ಒಣಗಿದ ಗುಂಡಿಗಳನ್ನು ಹಾಗೇ ಬಿಟ್ಟಿದ್ದೇನೆ. 2024ರ ಮಳೆ ಹೇಗೆ ಹಿಡಿಯುತ್ತೆ ನೋಡಿ ಆಮೇಲೆ ಮಾತು.

ಮುಂದಿನ ವಾರ: ಮುಚ್ಚಿಗೆ ಹಾಕಿದ ತೋಟದಲ್ಲಿ ಗೆದ್ದಲು ಬಂದರೆ ಏನು ಮಾಡಬೇಕು. ಅಲ್ಲಿವರೆಗೆ ಡ್ರಮ್ ಇಟ್ಟು ನೀರು ಅಳೆದಿರಿ. ಹೊಸ ವರ್ಷಕ್ಕೆ ಶುಭಾಶಯ.